ಮಾವನ ಅಂಬಾಸಿಡರ್ ಕಾರಿನ ಸ್ಟಿಯರಿಂಗ್ ರಿಪೇರಿ

ನಮ್ಮ ಸೋದರಮಾವನ ಹತ್ತಿರ ಒಂದು ಹಳೆಯ ಅಂಬಾಸಿಡರ್ ಕಾರು ಇದೆ. ನಮ್ಮ ಅಕ್ಕನಿಗಿಂತ ಅದಕ್ಕೇ ವಯಸ್ಸು ಜಾಸ್ತಿ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಇದನ್ನು ತಯಾರಿಸುತ್ತಿದ್ದರು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರು ಇದಕ್ಕೆ ಮೂಲ. 2014ರಲ್ಲಿ ತಯಾರಿಕೆ ನಿಂತುಹೋಯಿತು. ಆದ್ದರಿಂದ ಇದ್ದದ್ದನ್ನೇ ರಿಪೇರಿ ಮಾಡಿಕೊಂಡು ಓಡಿಸಬೇಕು. ರಾತ್ರಿ ಹೊತ್ತು ಊರಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ ಎಲ್ಲರೂ ಮಾವನ ಬಾಗಿಲನ್ನೇ ಬಡಿಯುತ್ತಾರೆ.

ದಸರಾ ರಜೆಯಲ್ಲಿ ಕಾಲುವೆ ಏರಿಯ ಮೇಲೆ ಬರುತ್ತಿದ್ದಾಗ ಮಾವ ಸ್ಟಿಯರಿಂಗ್ ತಿರುಗಿಸಿದರೂ ಕಾರು ತಿರುಗಲಿಲ್ಲ. ಸ್ವಲ್ಪ ತಡವಾಗಿ ಗಕ್ಕನೆ ತಿರುಗಿತು. ಪಕ್ಕದಲ್ಲೇ ನೀರು! ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮಾವ ಮಾತೇ ಆಡದೆ ನಿಧಾನವಾಗಿ ಮನೆಗೆ ತಂದು ನಿಲ್ಲಿಸಿದರು.

ಮಾರನೇ ದಿನ ಮೆಕ್ಯಾನಿಕ್ ಅಣ್ಣ ಬಂದರು. ಅವರು ನನಗೆ ತಿಳಿಸಿದ್ದು ಹೀಗೆ. ಸ್ಟಿಯರಿಂಗ್ ಚಕ್ರದ ಕಂಬದ ತುದಿಯಲ್ಲಿ ಒಂದು ಚಿಕ್ಕ ಹಲ್ಲಿನ ಗಾಲಿ ಇದೆ. ಅದು ತಿರುಗಿದರೆ ಅದರ ಕೆಳಗಿನ ಹಲ್ಲಿನ ಸರಳು ಎಡಕ್ಕೂ ಬಲಕ್ಕೂ ಜರುಗುತ್ತದೆ. ಈ ಸರಳಿಗೆ ಎರಡು ಕಡೆ ಟೈ ರಾಡ್ ಎಂಬ ಕಂಬಿಗಳಿವೆ. ಅವು ಮುಂದಿನ ಚಕ್ರಗಳನ್ನು ತಳ್ಳುತ್ತವೆ, ಎಳೆಯುತ್ತವೆ. ಕಂಬಿಯ ತುದಿಯಲ್ಲಿ ಗುಂಡು ಕೀಲು. ವಿಜ್ಞಾನ ಪಾಠದಲ್ಲಿ ಓದಿದ ನಮ್ಮ ಭುಜದ ಚೆಂಡು-ಗುಣಿ ಕೀಲು ಇದೆಯಲ್ಲ, ಹಾಗೇ. ಇದಕ್ಕೆ ಎಂಡ್ ಅಂತಾರೆ.

ಜಾಕ್ ಹಾಕಿ ಚಕ್ರ ಎತ್ತಿ, ಅದರ ಎಡ ಬಲ ಬದಿ ಹಿಡಿದು ಅಲ್ಲಾಡಿಸಿದಾಗ ಟಕ್ ಟಕ್ ಅಂತ ಸದ್ದು ಬಂತು. ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಎಂಡ್ ಕುಣಿಯುತ್ತಿತ್ತು. ಅದರ ರಬ್ಬರ್ ಟೋಪಿ ಹರಿದು, ಮಣ್ಣು ನೀರು ಹೋಗಿ, ಗ್ರೀಸ್ ಒಣಗಿ ಗುಂಡು ಸವೆದಿತ್ತು. "ಇದು ಕಳಚಿದ್ರೆ ಈ ಚಕ್ರ ನಿನ್ ಮಾತು ಕೇಳಲ್ಲ" ಅಂದರು ಅಣ್ಣ. ಮಾವ ಎರಡೂ ಕಡೆಗೆ ಹೊಸದು ತರಿಸಿದರು.

ಬಿಚ್ಚುವ ಮೊದಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರಿನ ಕೆಳಗೆ ಸ್ಟ್ಯಾಂಡ್ ಇಟ್ಟರು. ಬರೀ ಜಾಕ್ ನಂಬಿ ಕೆಳಗೆ ಹೋಗಬಾರದು. ಎಂಡಿನ ಬೋಲ್ಟ್ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ಅದರ ತಲೆಗೆ ಹೊಡೆದರೆ ಮರೆ ಹಾಳು. ಅದು ಕೂತಿರುವ ತೋಳಿನ ಪಕ್ಕಕ್ಕೆ ಸುತ್ತಿಗೆಯಿಂದ ಹೊಡೆದರೆ ತಾನೇ ಬಿಡುತ್ತದೆ. ಆಮೇಲೆ ಎಂಡನ್ನು ಕಂಬಿಯಿಂದ ತಿರುಗಿಸಿ ತೆಗೆಯಬೇಕು. ಎಷ್ಟು ಸುತ್ತಿಗೆ ಬಂತೋ ಹೊಸದನ್ನು ಅಷ್ಟೇ ಸುತ್ತು ಹಾಕಬೇಕು, ಇಲ್ಲದಿದ್ದರೆ ಚಕ್ರ ಸೊಟ್ಟ ನಿಂತು ಟೈರು ಸವೆಯುತ್ತದೆ. ಎಣಿಸುವ ಕೆಲಸ ನನ್ನದು. ಎಡಗಡೆ 17 ಸುತ್ತು. ಬಲಗಡೆಯದು ಎಣಿಸುವಾಗ ಐಸ್‌ಕ್ಯಾಂಡಿಯವನು ಬಂದ, ಲೆಕ್ಕ ತಪ್ಪಿತು! 17 ಅಂತ ಹೇಳಿಬಿಡೋಣ ಅನ್ನಿಸಿತು. ಕಾಲುವೆ ನೆನಪಾಗಿ ನಿಜ ಹೇಳಿದೆ. ಅಣ್ಣ ಬೈಯಲಿಲ್ಲ. ಲಾಕ್ ನಟ್ಟನ್ನು ಅವರು ಅರ್ಧ ಸುತ್ತು ಮಾತ್ರ ಸಡಿಲಿಸಿದ್ದರು, ಅದು ಇದ್ದ ಜಾಗವೇ ಗುರುತಾಯಿತು.

ಕೊನೆಗೆ ಕಿರೀಟದಂಥ ನಟ್ ಬಿಗಿದು, ಅದರ ಕಂಡಿಯಲ್ಲಿ ಸ್ಪ್ಲಿಟ್ ಪಿನ್ ತೂರಿಸಬೇಕು. ಕಂಡಿ ತೂತಿಗೆ ಸರಿಯಾಗದಿದ್ದರೆ ಇನ್ನೂ ಸ್ವಲ್ಪ ಬಿಗಿಯಬೇಕೇ ಹೊರತು ಸಡಿಲಿಸಬಾರದು. ಮಾವ ಹಳೇ ಪಿನ್ನನ್ನೇ ನೆಟ್ಟಗೆ ಮಾಡಿ ಕೊಟ್ಟರು. ಅಣ್ಣ ಅದನ್ನು ಎರಡು ಸಲ ಬಗ್ಗಿಸಿದರು, ಮುರಿದು ಕೈಗೆ ಬಂತು! ಮಾವ ಸೈಕಲ್ ಹತ್ತಿ ಹೊಸ ಪಿನ್ ತರಲು ಹೋದರು. ಅಷ್ಟು ದೊಡ್ಡ ಕಾರು ಆ ಕಡ್ಡಿಗೋಸ್ಕರ ಒಂದು ಗಂಟೆ ಕಾಯಿತು.

ಮರುದಿನ ಪಟ್ಟಣದಲ್ಲಿ ಅಲೈನ್‌ಮೆಂಟ್ ಮಾಡಿಸಿಕೊಂಡು ಅದೇ ಏರಿಯ ಮೇಲೆ ಬಂದೆವು. ಅಜ್ಜಿ ಮಾತ್ರ ಬರಲಿಲ್ಲ. ಸವೆದ ಎಂಡನ್ನು ವಿಜ್ಞಾನದ ಮೇಷ್ಟ್ರ ಮೇಜಿನ ಮೇಲೆ ಇಟ್ಟಿದ್ದೇನೆ. ಅಲ್ಲಾಡಿಸಿ ನೋಡಿ, ಕೈಗೆ ಗ್ರೀಸ್ ಆಗುತ್ತೆ, ಯೂನಿಫಾರಂಗೆ ಒರೆಸಿಕೊಳ್ಳಬೇಡಿ.