ದೇಹಸ್ಥೌಲ್ಯವು ಪಾಪವೆ? — ಕ್ರೈಸ್ತಮತದ ನಿರ್ಣಯ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಡುಮಾತಿನಲ್ಲಿ ದೇಹದ ದಪ್ಪವನ್ನು ಕುರಿತು ಎರಡು ಬಗೆಯ ಮಾತುಗಳುಂಟು. ಬಹುಕಾಲದ ಮೇಲೆ ಕಂಡ ನೆಂಟನಿಗೆ 'ಮೈಕೈ ತುಂಬಿಕೊಂಡಿದ್ದೀಯೆ' ಎಂದರೆ ಅದು ಹರಕೆಗೆ ಸಮಾನವಾದ ಮಾತು; 'ಸೊರಗಿಹೋಗಿದ್ದೀಯೆ' ಎಂದರೆ ಮರುಕದ ಮಾತು. ಅದೇ ನೆಂಟನು ಹಿರಿಯರಿಗೆ ಎದುರಾಡಿದನೆಂದರೆ 'ಅವನಿಗೆ ಕೊಬ್ಬು' ಎಂಬ ನಿಂದೆ ಒಡನೆಯೇ ಹುಟ್ಟುತ್ತದೆ. ಕೊಬ್ಬು ಎಂಬ ಶಬ್ದವು ಕನ್ನಡದಲ್ಲಿ ಮೇದಸ್ಸಿಗೂ ಸಲ್ಲುತ್ತದೆ, ಗರ್ವಕ್ಕೂ ಸಲ್ಲುತ್ತದೆ. ಕಿಟ್ಟೆಲರು 1894ರಲ್ಲಿ ಪ್ರಕಟಿಸಿದ ನಿಘಂಟಿನಲ್ಲಿ ಈ ಎರಡರ್ಥಗಳೂ ದೊರೆಯುತ್ತವೆ. ಮೈಯ ಮೇಲಿರುವ ಮಾಂಸವನ್ನೂ ಮನಸ್ಸಿನಲ್ಲಿರುವ ದೋಷವನ್ನೂ ಒಂದೇ ಶಬ್ದದಿಂದ ಕರೆಯುವ ಜನರಿಗೆ, ಒಂದನ್ನು ಕಂಡೊಡನೆ ಮತ್ತೊಂದನ್ನು ಊಹಿಸುವುದು ಸುಲಭವೇ ಸರಿ. ಕ್ರೈಸ್ತರಲ್ಲಿಯೂ ಸ್ಥೂಲದೇಹವೇ ಪಾಪಕ್ಕೆ ಸಾಕ್ಷಿಯೆಂದು ಭಾವಿಸುವವರುಂಟು. ಆ ಭಾವನೆಗೆ ಆ ಮತದ ಗ್ರಂಥಗಳಲ್ಲಿಯೂ ಆಚಾರ್ಯಪರಂಪರೆಯಲ್ಲಿಯೂ ಆಧಾರವಿದೆಯೇ ಇಲ್ಲವೇ ಎಂಬುದು ಪ್ರಕೃತ ವಿಚಾರ.

ಮೊದಲು ವೇದಗ್ರಂಥವನ್ನು ನೋಡತಕ್ಕದ್ದು. ಕನ್ನಡದ ಈ ದ್ವಂದ್ವಾರ್ಥಕ್ಕೆ ಸಮನಾದ ಪ್ರಯೋಗವು ಹೀಬ್ರೂ ಭಾಷೆಯಲ್ಲಿಯೂ ಉಂಟು. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದಲ್ಲಿ ಮೋಶೆಯು ಇಸ್ರಾಯೇಲ್ ಜನಾಂಗವನ್ನು ಯೆಶುರೂನ್ ಎಂಬ ಹೆಸರಿನಿಂದ ಕರೆದು, ಮೇದು ಬಲಿತು ಒಡೆಯನನ್ನೇ ಒದೆಯುವ ಪಶುವಿಗೆ ಅದನ್ನು ಹೋಲಿಸುತ್ತಾನೆ. ಕನ್ನಡ ಓದುಗನಿಗೆ ಈ ಹೋಲಿಕೆಯು ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಯುತ್ತದೆ. ಕೊಬ್ಬಿದ ಎತ್ತು ನೊಗಕ್ಕೆ ಬಗ್ಗುವುದಿಲ್ಲವೆಂಬುದನ್ನು ಬಲ್ಲವನಿಗೆ ಬೇರೆ ಹೇಳಬೇಕಾದುದಿಲ್ಲ. ಆದರೆ ಅಲ್ಲಿ ದೂಷಿತವಾದುದು ಕೃತಘ್ನತೆಯೇ ಹೊರತು ದೇಹದ ತೂಕವಲ್ಲ. 73ನೆಯ ಕೀರ್ತನೆಯಲ್ಲಿ ದುಷ್ಟರ ಕಣ್ಣುಗಳು ಕೊಬ್ಬಿನಿಂದ ಉಬ್ಬಿವೆಯೆಂಬ ಮಾತೂ ಇಂತಹುದೇ.

ಇದಕ್ಕೆ ಪ್ರತಿಯಾಗಿ ಅದೇ ಗ್ರಂಥದಲ್ಲಿ ಕೊಬ್ಬು ಉತ್ತಮ ವಸ್ತುವೆಂದು ಹೇಳುವ ಸ್ಥಳಗಳು ಅನೇಕವಾಗಿವೆ. ಬಲಿಪಶುವಿನ ಕೊಬ್ಬೆಲ್ಲವೂ ದೇವರದೆಂದು ಯಾಜಕಕಾಂಡವು (3: 16) ವಿಧಿಸುತ್ತದೆ, ಶ್ರೇಷ್ಠಭಾಗವಾದುದರಿಂದಲೇ ಅದು ಮನುಷ್ಯನಿಗೆ ಸಲ್ಲದು. ದಾನಶೀಲನು ಪುಷ್ಟನಾಗುವನೆಂದು ಜ್ಞಾನೋಕ್ತಿಗಳು (11: 25) ಭರವಸೆ ಕೊಡುತ್ತವೆ. ಯೆಶಾಯನು ಕಾಣುವ ಅಂತ್ಯಕಾಲದ ಔತಣದಲ್ಲಿ (25: 6) ಸಕಲ ಜನಾಂಗಗಳಿಗೂ ಬಡಿಸುವುದು ಸಾರವತ್ತಾದ, ಕೊಬ್ಬಿದ ಆಹಾರವನ್ನೇ.

ಇನ್ನೂ ಗಮನಿಸತಕ್ಕ ಸಂಗತಿಯೊಂದುಂಟು. ಮೋವಾಬಿನ ಅರಸನಾದ ಎಗ್ಲೋನನು ಬಹಳ ದಪ್ಪವಾಗಿದ್ದನೆಂದು ನ್ಯಾಯಸ್ಥಾಪಕರ ಗ್ರಂಥವು (3: 17) ಹೇಳುತ್ತದೆ. ಅವನು ಇಸ್ರಾಯೇಲ್ಯರನ್ನು ಹದಿನೆಂಟು ವರ್ಷ ತುಳಿದವನು. ಎಹೂದನ ಕತ್ತಿಯು ಹಿಡಿಸಹಿತ ಅವನ ಹೊಟ್ಟೆಯೊಳಗೆ ಮುಳುಗಿಹೋದ ಕಥೆಯು ಪ್ರಸಿದ್ಧವಾಗಿದೆ. ಅಲ್ಲಿ ದಪ್ಪವೆಂಬರ್ಥದಲ್ಲಿ ಬಂದಿರುವ ಹೀಬ್ರೂ ಶಬ್ದವು 'ಬಾರೀ' ಎಂಬುದು. ಅದೇ ಶಬ್ದವು ದಾನಿಯೇಲನ ಗ್ರಂಥದ 1ನೆಯ ಅಧ್ಯಾಯದಲ್ಲಿ ಮತ್ತೆ ಬರುತ್ತದೆ. ಬಾಬೆಲಿನ ಅರಮನೆಯಲ್ಲಿ ದಾನಿಯೇಲನೂ ಅವನ ಮೂವರು ಗೆಳೆಯರೂ ರಾಜಭೋಜನವನ್ನೂ ದ್ರಾಕ್ಷಾರಸವನ್ನೂ ಬಿಟ್ಟು, ಹತ್ತು ದಿವಸ ಕಾಯಿಪಲ್ಯ ನೀರುಗಳನ್ನೇ ಸೇವಿಸಿದರು. ಹತ್ತನೆಯ ದಿವಸದ ಕೊನೆಗೆ ಅವರು ರಾಜಭೋಜನ ಮಾಡಿದವರೆಲ್ಲರಿಗಿಂತಲೂ ಪುಷ್ಟರಾಗಿ ತೋರಿದರು. ದೇವರ ವೈರಿಯ ದೇಹಕ್ಕೂ ದೇವಭಕ್ತನ ದೇಹಕ್ಕೂ ಒಂದೇ ವಿಶೇಷಣವನ್ನು ಹಾಕಿರುವ ಗ್ರಂಥವು ಆ ವಿಶೇಷಣವನ್ನು ಪಾಪದ ಗುರುತೆಂದು ತಿಳಿದಿರಲಾರದು. ಹೊಟ್ಟೆಬಾಕನಿಗೆ ಅಲ್ಲಿರುವ ಶಬ್ದವೇ ಬೇರೆ. ಅದು 'ಜೋಲೇಲ್' ಎಂಬುದು. ಹೆತ್ತವರ ಮಾತನ್ನು ಮೀರಿದ ಮಗನನ್ನು ದೂರುವಾಗಲೂ, ಕುಡುಕರ ಸಹವಾಸವನ್ನು ನಿಷೇಧಿಸುವಾಗಲೂ ಅದು ಬರುತ್ತದೆ. ಅದು ನಡತೆಯ ಹೆಸರು. ದೇಹದ ಆಕಾರದ ಹೆಸರಲ್ಲ.

ಯಾಜಕನಾದ ಏಲಿಯ ದೃಷ್ಟಾಂತವನ್ನು ಎದುರುಪಕ್ಷದವರು ತರಬಹುದು. ಅವನು ಮುದುಕನೂ ಭಾರವಾದವನೂ ಆಗಿದ್ದುದರಿಂದ ಪೀಠದಿಂದ ಹಿಂದಕ್ಕೆ ಬಿದ್ದು ಕತ್ತು ಮುರಿದು ಸತ್ತನೆಂದು 1 ಸಮುವೇಲದಲ್ಲಿ (4: 18) ಹೇಳಿದೆ. ದೇವರಿಗೆ ಸಲ್ಲಬೇಕಾದ ನೈವೇದ್ಯದ ಉತ್ತಮಭಾಗದಿಂದ ತಾನೂ ತನ್ನ ಮಕ್ಕಳೂ ಕೊಬ್ಬಿಕೊಂಡರೆಂಬ ಆಕ್ಷೇಪಣೆಯೂ ಅವನ ಮೇಲೆ ಬಂದಿತ್ತು (2: 29). ಆದರೆ ಏಲಿಯ ಮನೆತನಕ್ಕೆ ಶಿಕ್ಷೆ ಬಂದುದು ಮಕ್ಕಳ ದುಷ್ಕೃತ್ಯವನ್ನು ಅರಿತೂ ತಡೆಯದೆ ಹೋದುದಕ್ಕಾಗಿ ಎಂದು ಆ ಗ್ರಂಥವೇ ಸ್ಪಷ್ಟವಾಗಿ ಹೇಳುತ್ತದೆ (3: 13). ಅವರು ಕದ್ದು ತಿಂದು ತೆಳ್ಳಗೇ ಇದ್ದಿದ್ದರೆ ಅಪರಾಧವು ಕಡಮೆಯಾಗುತ್ತಿತ್ತೆ?

ಹಾಗಾದರೆ ಪಾಪವಾವುದು? ಅತಿಭೋಜನವು ಪಾಪವೆಂಬುದರಲ್ಲಿ ಸಂಶಯವಿಲ್ಲ. ಹೊಟ್ಟೆಯನ್ನೇ ದೇವರಾಗಿ ಮಾಡಿಕೊಂಡವರನ್ನು ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ (3: 19) ಖಂಡಿಸಿದ್ದಾನೆ. ಐಗುಪ್ತದ ಮರಳುಗಾಡಿನ ತಪಸ್ವಿಗಳಲ್ಲಿ ಒಬ್ಬನಾದ ಎವಾಗ್ರಿಯನು 4ನೆಯ ಶತಮಾನದಲ್ಲಿ ಮನಸ್ಸನ್ನು ಕೆಡಿಸುವ ಎಂಟು ದುರಾಲೋಚನೆಗಳನ್ನು ಎಣಿಸುವಾಗ ಇದಕ್ಕೇ ಮೊದಲ ಸ್ಥಾನವನ್ನು ಕೊಟ್ಟನು. ರೋಮಿನ ಜಗದ್ಗುರುವಾಗಿದ್ದ ಮಹಾ ಗ್ರೆಗೋರಿಯು (ಮರಣ 604) ಅದನ್ನು ಐದು ವಿಧವಾಗಿ ವಿಂಗಡಿಸಿದನು: ಹೊತ್ತಿಗೆ ಮುಂಚೆ ಉಣ್ಣುವುದು, ಬೆಲೆಯುಳ್ಳ ಪದಾರ್ಥವನ್ನೇ ಬಯಸುವುದು, ಅಡಿಗೆಯ ನಯವನ್ನು ಅತಿಯಾಗಿ ಅಪೇಕ್ಷಿಸುವುದು, ಪ್ರಮಾಣವನ್ನು ಮೀರುವುದು, ಆತುರದಿಂದ ಮೇಲೆಬೀಳುವುದು. ಈ ಐದರಲ್ಲಿ ಪ್ರಮಾಣಕ್ಕೆ ಸಂಬಂಧಿಸಿದುದು ಒಂದೇ ಒಂದು. ಏಸಾವನು ಜ್ಯೇಷ್ಠತನದ ಹಕ್ಕನ್ನು ಮಾರಿದುದು ಭಕ್ಷ್ಯಭೋಜ್ಯಗಳಿಗಲ್ಲ, ಒಂದು ಬಟ್ಟಲು ಅಲಸಂದಿಯಂತಹ ಬೇಳೆಯ ಗಂಜಿಗೆ ಎಂಬುದನ್ನು ಗ್ರೆಗೋರಿಯು ಎತ್ತಿ ತೋರಿಸುತ್ತಾನೆ. ಈ ಲೆಕ್ಕದಲ್ಲಿ, ಮುದ್ದೆ ಸೊಪ್ಪಿನ ಸಾರನ್ನು ತೃಪ್ತಿಯಿಂದ ಉಂಡು ಏಳುವ ಸ್ಥೂಲಕಾಯನಿಗಿಂತ, ಒಗ್ಗರಣೆ ಸರಿಯಿಲ್ಲವೆಂದು ತಟ್ಟೆಯನ್ನು ತಳ್ಳಿ ಮನೆಯಾಕೆಯನ್ನು ಬಯ್ಯುವ ಕೃಶಾಂಗನು ಈ ಪಾಪಕ್ಕೆ ಹೆಚ್ಚು ಹತ್ತಿರದವನು. ಕೃಶಾಂಗರು ಇದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

13ನೆಯ ಶತಮಾನದ ಥಾಮಸ್ ಅಕ್ವಿನಾಸನು ಈ ವಿಚಾರವನ್ನು ಇನ್ನೂ ಸೂಕ್ಷ್ಮಗೊಳಿಸಿದನು. ತನಗೆ ಅವಶ್ಯಕವೆಂದು ತಿಳಿದು ಹೆಚ್ಚು ಉಂಡವನಲ್ಲಿರುವುದು ಅನನುಭವವೇ ಹೊರತು ಹೊಟ್ಟೆಬಾಕತನವಲ್ಲವೆಂದೂ, ಉಣ್ಣುವ ಸುಖಕ್ಕಾಗಿ ದೇವರ ಆಜ್ಞೆಯನ್ನೇ ಮೀರಲು ಸಿದ್ಧನಾದವನಲ್ಲಿ ಮಾತ್ರ ಅದು ಮಾರಕಪಾಪವಾಗುತ್ತದೆಂದೂ ಅವನ ನಿರ್ಣಯ. ಅಕ್ವಿನಾಸನು ಬಹಳ ಸ್ಥೂಲಕಾಯನಾಗಿದ್ದನೆಂಬುದು ಪರಂಪರೆಯ ಮಾತು. 1323ರಲ್ಲಿ ಅವನನ್ನು ಸಂತನೆಂದು ಘೋಷಿಸಿದಾಗ ಆ ದೇಹವು ಯಾರಿಗೂ ಅಡ್ಡಿಯಾಗಿ ಕಾಣಲಿಲ್ಲ.

ಆಹಾರವೂ ಪಾಪವೂ ಹೇಗೆ ಸಂಬಂಧಿಸುತ್ತವೆಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. 1749ರಲ್ಲಿ ಮೈಸೂರಿನ ಸೈನ್ಯವು ದೇವನಹಳ್ಳಿಯ ಕೋಟೆಯನ್ನು ಹಿಡಿಯುವುದಕ್ಕೆ ಮುಂಚೆ ಆ ಊರು ಪಾಳೆಯಗಾರರ ಆಳ್ವಿಕೆಯಲ್ಲಿದ್ದಿತು. ಆ ಕಾಲದಲ್ಲಿ, ಎಂದರೆ 18ನೆಯ ಶತಮಾನದ ಮೊದಲ ಭಾಗದಲ್ಲಿ, ಫ್ರೆಂಚ್ ಯೇಸುಸಭೆಯ ಪಾದ್ರಿಗಳು ಚಿಕ್ಕಬಳ್ಳಾಪುರ ದೇವನಹಳ್ಳಿಗಳ ಕಡೆ ಮತಬೋಧೆ ಮಾಡುತ್ತಿದ್ದರು. ಅವರಲ್ಲಿ ಲೆ ಗಾಕ್ ಎಂಬವರು ಬರೆದ ಕಾಗದಗಳು ಪ್ಯಾರಿಸಿನಲ್ಲಿ ಅಚ್ಚಾದ ಆ ಸಭೆಯ ಪತ್ರಸಂಗ್ರಹದಲ್ಲಿ ಸೇರಿವೆ. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿಯು ಹಾಕಿದ ಪದ್ಧತಿಯನ್ನು ಅನುಸರಿಸಿ ಇವರು ಸಂನ್ಯಾಸಿಗಳಂತೆ ಕಾವಿಯನ್ನುಟ್ಟು, ಮಾಂಸ ಮೀನು ಮೊಟ್ಟೆ ಮದ್ಯಗಳನ್ನು ಬಿಟ್ಟು, ಅನ್ನ ಕಾಯಿಪಲ್ಯ ಹಾಲುಗಳಿಂದಲೇ ಜೀವಿಸುತ್ತಿದ್ದರು. ಫ್ರಾನ್ಸಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಕಠಿನವಾದ ವ್ರತವಾಗಿರಬೇಕು.

ಅವರು ಮಾಂಸವನ್ನು ಬಿಟ್ಟುದು ಅದು ಪಾಪವೆಂದಲ್ಲ. ಹೊರಗಿನಿಂದ ಒಳಹೋಗುವ ಯಾವುದೂ ಮನುಷ್ಯನನ್ನು ಅಶುದ್ಧಗೊಳಿಸದೆಂದು ಯೇಸುವೇ ಬೋಧಿಸಿದನೆಂಬುದು ಮಾರ್ಕನ ಸುವಾರ್ತೆಯಲ್ಲಿದೆ (7ನೆಯ ಅಧ್ಯಾಯ). ಅವರ ಆಧಾರವು ಪೌಲನ ಮತ್ತೊಂದು ಮಾತಾಗಿರಬಹುದು: ತನ್ನ ಊಟವು ಸಹೋದರನಿಗೆ ಅಡ್ಡಿಯಾಗುವುದಾದರೆ ತಾನು ಎಂದಿಗೂ ಮಾಂಸವನ್ನು ತಿನ್ನುವುದಿಲ್ಲವೆಂದು ಅವನು ಕೊರಿಂಥದವರಿಗೆ ಬರೆದನು (1 ಕೊರಿಂಥ 8: 13). ಊಟದ ಗುಣದೋಷವನ್ನು ಉಣ್ಣುವವನ ಮೈಯಿಂದಲ್ಲ, ಪಕ್ಕದವನ ಸ್ಥಿತಿಯಿಂದ ಅಳೆಯುವ ದೃಷ್ಟಿ ಇದು. ವೇದಗ್ರಂಥವು ಅತಿಭೋಜನವನ್ನು ಅತ್ಯಂತ ಕಠಿನವಾಗಿ ಖಂಡಿಸುವ ಸ್ಥಳಗಳಲ್ಲೆಲ್ಲ ಪಕ್ಕದಲ್ಲಿ ಹಸಿದವನೊಬ್ಬನಿರುತ್ತಾನೆ. ಸೊದೋಮ್ ಪಟ್ಟಣದ ಅಪರಾಧವು ಗರ್ವ, ಹೊಟ್ಟೆತುಂಬ ಅನ್ನ, ನಿಶ್ಚಿಂತೆಯ ಬಾಳು ಇವುಗಳಿದ್ದೂ ದರಿದ್ರನ ಕೈಹಿಡಿಯದುದೇ ಎಂದು ಯೆಹೆಜ್ಕೇಲನು (16: 49) ಹೇಳುತ್ತಾನೆ. ಲೂಕನ ಸುವಾರ್ತೆಯ 16ನೆಯ ಅಧ್ಯಾಯದ ಐಶ್ವರ್ಯವಂತನು ದಪ್ಪನಾಗಿದ್ದನೋ ಸಣ್ಣಗಿದ್ದನೋ ಯೇಸು ಹೇಳಲಿಲ್ಲ. ಬಾಗಿಲಲ್ಲಿ ಲಾಜರನು ಬಿದ್ದಿದ್ದನೆಂಬುದನ್ನು ಮಾತ್ರ ಹೇಳಿದನು.

ಈ ದೃಷ್ಟಿಯು ಮೈಸೂರು ಸೀಮೆಗೆ ಎಷ್ಟು ಸಲ್ಲುವುದೆಂಬುದನ್ನು ಧಾತು ಈಶ್ವರ ಸಂವತ್ಸರಗಳ ಬರವು (1876-78) ತೋರಿಸುತ್ತದೆ. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿಯಿತು. ಇಂತಹ ನೆನಪುಳ್ಳ ನಾಡಿನಲ್ಲಿ ಮೈತುಂಬಿರುವುದು ಭಾಗ್ಯವೆನಿಸಿಕೊಂಡುದು ಆಶ್ಚರ್ಯವಲ್ಲ.

ಸ್ಥೌಲ್ಯವೇ ಪಾಪವೆಂಬ ಮಾತು ಎಲ್ಲಿಂದ ಬಂದಿತು? ಇಂಗ್ಲೆಂಡಿನಲ್ಲಿ ಜಾರ್ಜ್ ಚೇನ್ ಎಂಬ ವೈದ್ಯನು (ಮರಣ 1743) ತಾನೇ ಸುಮಾರು 200 ಕಿಲೋಗ್ರಾಂ ತೂಗುವಷ್ಟು ಬೆಳೆದು, ಹಾಲು ಮತ್ತು ಸಸ್ಯಾಹಾರಗಳಿಂದ ಇಳಿದು, ಮಿತಾಹಾರವನ್ನು ಧರ್ಮದ ಕರ್ತವ್ಯವೆಂಬಂತೆ ಉಪದೇಶಿಸಿದನು. ಮೆಥಡಿಸ್ಟ್ ಪಂಥದ ಮೂಲಪುರುಷನಾದ ಜಾನ್ ವೆಸ್ಲಿಯು ಅವನ ಗ್ರಂಥವನ್ನು ಓದಿ ಮೆಚ್ಚಿದನು. ಆದರೂ ಇವರಿಬ್ಬರು ಹೇಳಿದುದು ಮಿತಾಹಾರವನ್ನು. ತೂಕವನ್ನೇ ಪಾಪದ ಅಳತೆಯನ್ನಾಗಿ ಮಾಡಿದವರು 20ನೆಯ ಶತಮಾನದ ಅಮೆರಿಕದವರು. ಜೀವವಿಮೆಯ ಕಂಪನಿಗಳು ಎತ್ತರಕ್ಕೆ ತಕ್ಕ ತೂಕದ ಪಟ್ಟಿಗಳನ್ನು ಹೊರಡಿಸಿ, ತಕ್ಕಡಿಯು ಮನೆಮನೆಗೆ ಬಂದ ಮೇಲೆ, 1957ರಲ್ಲಿ ಚಾರ್ಲಿ ಶೆಡ್ ಎಂಬ ಪಾದ್ರಿಯು ಪ್ರಾರ್ಥನೆಯಿಂದ ತೂಕವನ್ನು ಕಳೆದುಕೊಳ್ಳುವುದನ್ನು ಕುರಿತು ಗ್ರಂಥವನ್ನು ಬರೆದನು. ಹೆಚ್ಚಿನ ತೂಕವು ಪಾಪವೆಂಬುದೇ ಅದರ ಆಧಾರತತ್ತ್ವ. ಎರಡು ಸಾವಿರ ವರ್ಷದ ಮತದಲ್ಲಿ ಇದು ನಿನ್ನೆಯ ಮಾತು. ದೇಹವು ಪವಿತ್ರಾತ್ಮನ ದೇವಾಲಯವೆಂಬ ಪೌಲನ ವಾಕ್ಯವನ್ನು (1 ಕೊರಿಂಥ 6: 19) ಈ ಪಕ್ಷದವರು ಆಧಾರವಾಗಿ ತರುತ್ತಾರೆ, ಆದರೆ ಆ ಪ್ರಕರಣದಲ್ಲಿ ವಿಚಾರಿತವಾಗಿರುವುದು ವ್ಯಭಿಚಾರವೇ ಹೊರತು ಊಟವಲ್ಲ. ಕಥೋಲಿಕ ಸಭೆಯು 1992ರಲ್ಲಿ ಹೊರಡಿಸಿದ ಧರ್ಮೋಪದೇಶಗ್ರಂಥವು ಆಹಾರ ಮದ್ಯ ಹೊಗೆಸೊಪ್ಪು ಔಷಧಗಳ ಅತಿಸೇವನೆಯನ್ನು ನಿಷೇಧಿಸುವ ಪರಿಚ್ಛೇದಕ್ಕೆ (2290) ಸ್ವಲ್ಪ ಮುಂಚೆಯೇ, ದೇಹಸೌಷ್ಠವವನ್ನು ಪೂಜಿಸುವ ಮನೋಭಾವವನ್ನೂ (2289) ಖಂಡಿಸಿರುತ್ತದೆ.

ದೇಹದ ತೂಕವು ಉಂಡವನ ಗುಣವನ್ನು ತಿಳಿಸುವುದೆಂಬ ನಂಬಿಕೆಯನ್ನು ವೈದ್ಯಶಾಸ್ತ್ರವೂ ಸಡಿಲಿಸಿದೆ. ಅದಕ್ಕೆ ಬೇಕಾದ ಸಾಕ್ಷ್ಯದ ಒಂದು ಭಾಗವು ಕರ್ನಾಟಕದ ಕ್ರೈಸ್ತ ಆಸ್ಪತ್ರೆಯೊಂದರಿಂದಲೇ ಬಂದಿತು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು ಸ್ಥಾಪಿಸಿದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ ಉದ್ದಗಳನ್ನು ದಾಖಲೆಯಲ್ಲಿ ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದವರನ್ನು ಹುಡುಕಿ ಪರೀಕ್ಷಿಸಿದ ಸಂಶೋಧಕರು, ಹುಟ್ಟುವಾಗ ತೂಕ ಕಡಮೆಯಿದ್ದವರಲ್ಲಿ ಮುಂದೆ ಹೃದ್ರೋಗವು ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ಮಧುಮೇಹವಾದರೋ ತಾಯಿಯು ದಪ್ಪನಾಗಿದ್ದು, ತಾನು ಕುಳ್ಳಾಗಿ ದುಂಡಗೆ ಹುಟ್ಟಿದವರಲ್ಲಿ ಹೆಚ್ಚಾಗಿ ಕಂಡಿತು. ಹಾಲೆಂಡಿನಲ್ಲಿ 1944-45ರ ಬರಗಾಲದ ಕಾಲದಲ್ಲಿ ಗರ್ಭದ ಮೊದಲರ್ಧವನ್ನು ಕಳೆದ ಗಂಡುಮಕ್ಕಳಲ್ಲಿ ಹತ್ತೊಂಬತ್ತನೆಯ ವಯಸ್ಸಿನ ಹೊತ್ತಿಗೆ ಸ್ಥೌಲ್ಯವು ಹೆಚ್ಚಾಗಿದ್ದಿತೆಂಬುದು 1976ರಲ್ಲಿಯೇ ತಿಳಿದುಬಂದಿತ್ತು. ಹೀಗೆ ಒಬ್ಬನ ಕೊಬ್ಬು ಅವನ ತಾಯಿಯ ಹಸಿವಿನ ಫಲವಾಗಿರಬಹುದು.

ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಯೇಸುವನ್ನು ಕೇಳಿದ ಪ್ರಸಂಗವು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಇಬ್ಬರೂ ಅಲ್ಲವೆಂಬುದು ಉತ್ತರ. ದೇಹದ ಸ್ಥಿತಿಯಿಂದ ಪಾಪವನ್ನು ಅನುಮಾನಿಸುವ ತರ್ಕವನ್ನು ಕ್ರೈಸ್ತಮತವು ಅಲ್ಲಿಯೇ ನಿರಾಕರಿಸಿತು. ಸ್ಥೌಲ್ಯವು ಅದಕ್ಕೆ ಹೊರತಾಗಬೇಕೆಂಬುದಕ್ಕೆ ಕಾರಣವು ಕಾಣದು.

ಇದು ಕೇವಲ ಗ್ರಂಥವಿಚಾರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿ ಮಿತಿಮೀರಿದ ತೂಕವುಳ್ಳವರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದ ಮೇಲೆ ಹೊಲದ ಕೆಲಸವನ್ನು ಬಿಟ್ಟು ಕುಳಿತು ಮಾಡುವ ಕೆಲಸಕ್ಕೆ ಹೋದವರು ಆ ಸೀಮೆಯಲ್ಲಿ ಅನೇಕರು. ತೂಕವನ್ನು ಪಾಪವೆಂದು ತಿಳಿದ ರೋಗಿಯು ನಾಚಿಕೆಯಿಂದ ವೈದ್ಯನನ್ನು ದೂರವಿಡುತ್ತಾನೆ. ಮಧುಮೇಹವುಳ್ಳವನು ಪ್ರಾಯಶ್ಚಿತ್ತವೆಂದು ಉಪವಾಸ ಬಿದ್ದು ಅಪಾಯಕ್ಕೆ ಸಿಕ್ಕಬಹುದು. ಸಭೆಯ ವಿಧಿಯಾದರೋ ಇಷ್ಟು ಕಠಿನವಲ್ಲ. 1983ರ ಕಥೋಲಿಕ ಧರ್ಮಸಂಹಿತೆಯಲ್ಲಿ ಒಪ್ಪೊತ್ತಿನ ನಿಯಮವು ಬೂದಿ ಬುಧವಾರ ಶುಭ ಶುಕ್ರವಾರಗಳೆಂಬ ಎರಡೇ ದಿವಸಗಳಿಗೆ ಸೇರಿದುದು. 18 ವರ್ಷ ತುಂಬಿದವರಿಗೆ ಆರಂಭವಾಗಿ 59 ತುಂಬಿದೊಡನೆ ಮುಗಿಯುತ್ತದೆ. ರೋಗಿಗಳು ಅದಕ್ಕೆ ಬದ್ಧರಲ್ಲ. ಆ ಉಪವಾಸದ ಉದ್ದೇಶವೂ ಮೈಯಿಳಿಸುವುದಲ್ಲ. 5ನೆಯ ಶತಮಾನದ ಮಹಾ ಲಿಯೋ ಎಂಬ ಜಗದ್ಗುರುವು ತನ್ನ ಪ್ರಸಂಗಗಳಲ್ಲಿ, ಉಪವಾಸಿಯು ಉಣ್ಣದೆ ಉಳಿಸಿದುದು ಬಡವನ ಎಲೆಗೆ ಹೋಗಬೇಕೆಂದು ವಿಧಿಸಿದನು.