ನಿಮಗಿದು ಗೊತ್ತೇ? ಮುಟ್ಟು ನಿಲ್ಲುವ ಕಾಲಕ್ಕೆ ತೆಂಗಿನ ಸೀಮೆಯ ತಾಯಂದಿರು ತಿಳಿದಿರಬೇಕಾದದ್ದು

● ಮುಟ್ಟು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ತಿಂಗಳು ತಪ್ಪುತ್ತ, ಒಮ್ಮೆ ಹನಿಯಾಗಿ, ಇನ್ನೊಮ್ಮೆ ಮಿತಿಮೀರಿ ಹೋಗುತ್ತ ಕೆಲವು ವರ್ಷ ಕಾಡಿಸಿಯೇ ನಿಲ್ಲುತ್ತದೆ. ಕೊನೆಯ ಮುಟ್ಟಾಗಿ ಸತತ 12 ತಿಂಗಳು ಏನೂ ಕಾಣದಿದ್ದರೆ ಮಾತ್ರ ವೈದ್ಯರು ‘ನಿಂತಿದೆ’ ಎಂದು ಹೇಳುತ್ತಾರೆ.

● ಪಾಶ್ಚಾತ್ಯ ದೇಶಗಳಲ್ಲಿ ಇದು ಸರಾಸರಿ 51ನೇ ವಯಸ್ಸಿಗೆ ಬಂದರೆ, ಭಾರತದ ಹೆಂಗಸರಿಗೆ 46–47ಕ್ಕೇ ಬರುತ್ತದೆ. ನಾಲ್ಕೈದು ವರ್ಷ ಮೊದಲು ಎಂದರೆ ಮೂಳೆಗೂ ಹೃದಯಕ್ಕೂ ಇರುವ ಹಾರ್ಮೋನಿನ ಕಾವಲು ಅಷ್ಟು ಬೇಗ ತಪ್ಪಿತು ಎಂದೇ ಲೆಕ್ಕ.

● ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ 10ರಿಂದ 20 ಲಕ್ಷ ಅಂಡಾಣುಗಳು ಇರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಇಡೀ ಆಯಸ್ಸಿನಲ್ಲಿ ಹಣ್ಣಾಗಿ ಹೊರಬರುವುದು ನಾನೂರು ಐನೂರು ಮಾತ್ರ. ಮಿಕ್ಕವು ತಾವಾಗಿ ಕರಗುತ್ತವೆ. ಮುಟ್ಟು ನಿಲ್ಲುವುದು ಈ ದಾಸ್ತಾನು ಮುಗಿಯುತ್ತ ಬಂದಾಗ. ಇದು ರೋಗವಲ್ಲ, ಯಾರ ತಪ್ಪೂ ಅಲ್ಲ.

● ತುಮಕೂರು ಜಿಲ್ಲೆಯ ಹುಳಿಯಾರು, ತಿಪಟೂರು ಸುತ್ತ ಕೊಬ್ಬರಿ ಸುಲಿಯುವ ಕೆಲಸದಲ್ಲಿ ಹೆಂಗಸರ ಸಾಲನ್ನು ನೋಡಿದ್ದೀರಲ್ಲ? ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿದ ಕಾಯಿಯ ಚಿಪ್ಪನ್ನು ಒಂದೊಂದಾಗಿ ತಟ್ಟಿ, ಉಂಡೆ ಒಡೆಯದಂತೆ ಬಿಡಿಸಬೇಕು. ಕುಕ್ಕುರುಗಾಲಲ್ಲಿ ಕೂತ ನಲವತ್ತೈದು ದಾಟಿದ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ಕತ್ತಿ ಕೆಳಗಿಟ್ಟು, ಸೆರಗಿನಿಂದ ಕತ್ತು ಒರೆಸಿಕೊಂಡು, “ಮೈಯೆಲ್ಲ ಬೆಂಕಿ ಹಚ್ಚಿದಂಗಾಯ್ತದೆ ಕಣಕ್ಕ” ಅನ್ನುತ್ತಾಳೆ. ಎರಡು ಮೂರು ನಿಮಿಷ ಎದೆಯಿಂದ ಮುಖದವರೆಗೆ ಕಾವು ಏರಿ, ಬೆವರು ಕಿತ್ತುಕೊಂಡು, ಆಮೇಲೆ ಚಳಿಯಂತಾಗಿ ಇಳಿಯುತ್ತದೆ. ಪಕ್ಕದವಳು ‘ಬಿಸಿಲು’ ಎನ್ನುತ್ತಾಳೆ. ಬಿಸಿಲಲ್ಲ. ಮೆದುಳಿನ ಹೈಪೋಥಲಮಸ್ ಎಂಬ ಭಾಗ ಮೈಯ ಬಿಸಿಯನ್ನು ಹದದಲ್ಲಿಡುತ್ತದೆ. ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ ಅಲ್ಲಿನ ಕೆಲವು ನರಕೋಶಗಳು ಅತಿಯಾಗಿ ಚುರುಕಾಗುತ್ತವೆ. ಕೂದಲೆಳೆಯಷ್ಟು ಬಿಸಿ ಏರಿದರೂ ‘ತಣ್ಣಗಾಗಿಸು’ ಎಂಬ ಆಜ್ಞೆ ಹೊರಡುತ್ತದೆ, ರಕ್ತನಾಳಗಳು ಅಗಲವಾಗುತ್ತವೆ, ಬೆವರು ಹರಿಯುತ್ತದೆ.

● ಈ ಕಾವು ಎಷ್ಟು ದಿನ? ‘ಆರು ತಿಂಗಳು ತಡೆದುಕೋ, ಹೋಗುತ್ತೆ’ ಎನ್ನುವ ಸಮಾಧಾನ ನಿಜವಲ್ಲ. ಅಮೆರಿಕದಲ್ಲಿ ಸಾವಿರಾರು ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ 2015ರಲ್ಲಿ ಕೊಟ್ಟ ಲೆಕ್ಕದಂತೆ, ಪದೇಪದೇ ಕಾವು ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕೂ ಮೇಲೆ ಉಳಿದಿತ್ತು. ಅಷ್ಟು ಕಾಲ ಹಲ್ಲುಕಚ್ಚಿ ಕೂರಬೇಕು ಎಂದು ಯಾವ ಹೆಂಗಸಿಗೂ ಹೇಳಬಾರದು.

● ಹುಡುಗಿ ಮೈನೆರೆದರೆ ನಮ್ಮಲ್ಲಿ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ಬೆಲ್ಲ, ತುಪ್ಪ ಎಲ್ಲ ಅವಳ ತಟ್ಟೆಗೆ. ಹೆತ್ತರೆ ಬಾಣಂತನ, ಬೆಳ್ಳುಳ್ಳಿ ಮೆಣಸಿನ ಸಾರು, ಎಣ್ಣೆ ನೀರು. ಮುಟ್ಟು ನಿಲ್ಲುವವಳಿಗೆ ಮಾತ್ರ ಹೀಗೊಂದು ತಟ್ಟೆಯಿಲ್ಲ. ಮೂಳೆಗೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಅತಿ ಹೆಚ್ಚು ಬೇಕಾಗುವ ಕಾಲಗಳಲ್ಲಿ ಇದೂ ಒಂದು. ಆದರೆ ಆ ವಯಸ್ಸಿನ ತಾಯಿ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಾಳೆ. ಚಿಗಳಿಯನ್ನು ಮಗಳಿಗೆ ಮಾಡಿದ ದಿನ ಅಮ್ಮನಿಗೂ ಎರಡು ಉಂಡೆ ಎತ್ತಿಡಿ. 100 ಗ್ರಾಂ ಎಳ್ಳಿನಲ್ಲಿ 1,000 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.

● ಮುಟ್ಟು ನಿಂತ ಹೆಂಗಸಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನಮ್ಮ ಅಡುಗೆಮನೆಯ ಲೆಕ್ಕ ಹಾಕಿ ನೋಡೋಣ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಹತ್ತರ ಆಸುಪಾಸು. ಬೆಳಿಗ್ಗೆಗೊಂದು ರಾತ್ರಿಗೊಂದು, ನೂರು ನೂರು ಗ್ರಾಂ ಹಿಟ್ಟಿನ ಮುದ್ದೆ ಉಂಡರೆ 700. ಒಂದು ಲೋಟ ಹಾಲು ಅಥವಾ ಮೊಸರು ಸೇರಿದರೆ 900 ದಾಟಿತು. ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿ ಕಟ್ಟಿನ ಸಾರು, ಮೇಲೊಂದು ಚಮಚ ಹುಚ್ಚೆಳ್ಳು ಪುಡಿ ಎಂದರೆ ಗುರಿ ಹತ್ತಿರವೇ. ಔಷಧದಂಗಡಿಗೆ ಹೋಗುವ ಮುಂಚೆ ಹುಳಿಯಾರಿನ ಸಂತೆಗೆ ಹೋಗಿ ಬಂದರೆ ಇಷ್ಟೂ ಸಿಗುತ್ತದೆ.

● ಉಂಡದ್ದೆಲ್ಲ ಮೈಗೆ ಹತ್ತುವುದಿಲ್ಲ ಎನ್ನುವುದೂ ನಿಜ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ, ಕಬ್ಬಿಣ ಎರಡನ್ನೂ ಹಿಡಿದಿಡುತ್ತದೆ. ನೆನೆಸಿ ಮೊಳಕೆ ಕಟ್ಟಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಊಟದ ಬೆನ್ನಿಗೇ ಟೀ ಕುಡಿಯುವ ಅಭ್ಯಾಸ ಕಬ್ಬಿಣಕ್ಕೆ ಶತ್ರು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ರಕ್ತ ಹೆಚ್ಚು ಹೋಗುವವರಿಗಂತೂ ಟೀ ಒಂದು ಗಂಟೆ ತಡವಾಗಲಿ.

● ಮುಟ್ಟು ನಿಂತ ಮೊದಲ ಐದಾರು ವರ್ಷಗಳಲ್ಲಿ ಮೂಳೆಯ ಸಾಂದ್ರತೆಯ ಹತ್ತನೇ ಒಂದು ಭಾಗದಷ್ಟು ಕರಗಬಹುದು. ಮೊದಲು ಮುರಿಯುವುದು ಸಾಮಾನ್ಯವಾಗಿ ಮಣಿಕಟ್ಟು. ಬಚ್ಚಲಲ್ಲಿ ಜಾರಿ ಕೈ ಊರಿದಾಗ ಮುರಿದರೆ ‘ಜಾರಿತು’ ಎಂದು ಬಿಟ್ಟುಬಿಡಬೇಡಿ, ಮೂಳೆಯ ಪರೀಕ್ಷೆ ಮಾಡಿಸಿ.

● ಮಂಡಿನೋವು, ಸೊಂಟನೋವು ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬೇಡಿ. ತುಮಕೂರು ಜಿಲ್ಲೆಯ ಹಲವು ಕಡೆ, ಪಾವಗಡದಲ್ಲಂತೂ ಎದ್ದು ಕಾಣುವಷ್ಟು, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಅದೂ ಮೂಳೆ ಕೀಲುಗಳನ್ನು ಬಿಗಿಸುತ್ತದೆ. ಥೈರಾಯ್ಡ್ ಏರುಪೇರಾದರೂ ಬೆವರು, ಸುಸ್ತು, ಸಿಡುಕು, ತೂಕದ ವ್ಯತ್ಯಾಸ ಇದೇ ರೀತಿ ಕಾಣುತ್ತವೆ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುವ ವಿಷಯ.

● ಇನ್ನು ತೆಂಗಿನ ಮಾತು. ನಮ್ಮ ಮನೆಗಳಲ್ಲಿ ತೆಂಗಿಲ್ಲದ ಒಗ್ಗರಣೆಯಿಲ್ಲ, ತೆಂಗಿಲ್ಲದೆ ಸಾಲ ತೀರುವುದೂ ಇಲ್ಲ. ಆದರೂ ಹೇಳಲೇಬೇಕು. ಕೊನೆಯ ಮುಟ್ಟಿನ ಆಸುಪಾಸಿನ ಒಂದೆರಡು ವರ್ಷದಲ್ಲಿ ಕೆಟ್ಟ ಕೊಲೆಸ್ಟೆರಾಲ್ ಥಟ್ಟನೆ ಏರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಜಿಡ್ಡು ಈ ಕೊಲೆಸ್ಟೆರಾಲನ್ನು ಹೆಚ್ಚಿಸುವ ಬಗೆಯದು. ಕಡಲೆಕಾಯಿ ಎಣ್ಣೆಯಲ್ಲಿ ಅದು ಐದನೇ ಒಂದು ಪಾಲೂ ಇಲ್ಲ. ಕೊಬ್ಬರಿ ಎಣ್ಣೆ ಕುಡಿದರೆ ಹಾರ್ಮೋನು ಸರಿಹೋಗುತ್ತದೆ ಎಂದು ಮೊಬೈಲಿನಲ್ಲಿ ಹರಿದಾಡುವ ವಿಡಿಯೊಗಳಿಗೆ ಆಧಾರವಿಲ್ಲ. ಚಟ್ನಿಗೆ ಹಾಕುವ ಕಾಯಿಗೆ ಯಾರೂ ಹೆದರಬೇಕಿಲ್ಲ. ಕರಿಯುವ ಬಾಣಲೆ ವಾರಕ್ಕೆ ಎಷ್ಟು ಸಲ ಒಲೆ ಏರುತ್ತದೆ, ಅದನ್ನು ನೋಡಿಕೊಳ್ಳಿ. ಎಳನೀರು ಒಳ್ಳೆಯದು, ಆದರೆ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಅದರಲ್ಲಿ ಪೊಟ್ಯಾಷಿಯಂ ಹೆಚ್ಚು.

● ಬೀಡಿ ಸಿಗರೇಟು ಸೇದುವವರಿಗೆ ಮುಟ್ಟು ಒಂದೆರಡು ವರ್ಷ ಮೊದಲೇ ನಿಲ್ಲುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ನಮ್ಮ ಅಕ್ಕಂದಿರು ‘ನಾವು ಸೇದಲ್ಲವಲ್ಲ’ ಎನ್ನುತ್ತಾರೆ. ಬಾಯಿಯ ಕ್ಯಾನ್ಸರ್ ಬರಲು ಸೇದಲೇಬೇಕೆಂದಿಲ್ಲ.

● ಬೆಂಗಳೂರಿನಲ್ಲೇ ನಡೆದ ಒಂದು ಪ್ರಯೋಗ ಇಲ್ಲಿದೆ. ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು 40ರಿಂದ 55 ವಯಸ್ಸಿನ 120 ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಯೋಗ, ಇನ್ನೊಂದಕ್ಕೆ ಸರಳ ವ್ಯಾಯಾಮ ಎಂಟು ವಾರ ಹೇಳಿಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಯೋಗದ ಗುಂಪಿಗೆ ಕಾವು, ರಾತ್ರಿ ಬೆವರು ಹೆಚ್ಚು ತಗ್ಗಿದ್ದವು. ಆದರೆ ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಅಮೆರಿಕದ ಮೆನೊಪಾಸ್ ಸೊಸೈಟಿ 2023ರಲ್ಲಿ, ಕಾವು ತಗ್ಗಿಸಲು ಯೋಗ, ವ್ಯಾಯಾಮ, ಸೋಯಾ, ಗಿಡಮೂಲಿಕೆಯ ಪುಡಿಗಳಿಗೆ ಸಾಕಷ್ಟು ಪುರಾವೆಯಿಲ್ಲ ಎಂದಿತು. ಪುರಾವೆ ಇರುವುದು ತೂಕ ಇಳಿಸುವುದಕ್ಕೆ, ಮನಸ್ಸಿನ ಯೋಚನೆಯ ದಾರಿ ತಿದ್ದುವ ಆಪ್ತ ಸಮಾಲೋಚನೆಗೆ, ಕೆಲವು ಔಷಧಗಳಿಗೆ. ಯೋಗ ಬಿಡಬೇಕೆಂದು ಇದರ ಅರ್ಥವಲ್ಲ. ನಿದ್ದೆ, ಸೊಂಟ, ರಕ್ತದೊತ್ತಡ, ಮನಸ್ಸಿನ ನೆಮ್ಮದಿ ಇವಕ್ಕೆಲ್ಲ ಅದು ಬೇಕು. ಕಾವು ಇಳಿಯಲಿಲ್ಲವೆಂದು ನಿಮ್ಮ ಯೋಗವನ್ನೂ ನಿಮ್ಮನ್ನೂ ಬೈದುಕೊಳ್ಳಬೇಡಿ, ಅಷ್ಟೇ.

● ‘ಹೊಲದಲ್ಲಿ ದುಡಿಯುವವಳಿಗೆ ಯಾವ ವ್ಯಾಯಾಮ?’ ದಿನವಿಡೀ ಕುಕ್ಕುರುಗಾಲಲ್ಲಿ ಕೂರುವುದು ದುಡಿಮೆ, ವ್ಯಾಯಾಮವಲ್ಲ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಕೊಬ್ಬರಿ ಸುಲಿಯುವವರು ಗಂಟೆಗೊಮ್ಮೆ ಎದ್ದು ಬೆನ್ನು ಹಿಂದಕ್ಕೆ ಬಾಗಿಸಿದರೆ ಮಾಲೀಕನಿಗೆ ನಷ್ಟವೇನಿಲ್ಲ.

● ಕೆಮ್ಮಿದರೆ, ನಕ್ಕರೆ, ಬಿಂದಿಗೆ ಎತ್ತಿದರೆ ಉಚ್ಚೆ ಹನಿಯುತ್ತದೆಯೇ? ನಾಚಿಕೆಯಿಂದ ಮುಚ್ಚಿಡುವವರೇ ಹೆಚ್ಚು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದಾರು ಎಣಿಸುವವರೆಗೆ ಬಿಗಿಹಿಡಿದು ಬಿಡುವುದು, ದಿನಕ್ಕೆ ಮೂರು ಸರದಿ, ಸರದಿಗೆ ಹತ್ತು ಸಲ, ಮೂರು ತಿಂಗಳು. ಕೂತಲ್ಲೇ, ಯಾರಿಗೂ ಕಾಣದಂತೆ ಮಾಡಬಹುದು.

● ‘ನೈಸರ್ಗಿಕ’ ಎಂದು ಡಬ್ಬಿಯ ಮೇಲೆ ಬರೆದ ಮಾತ್ರಕ್ಕೆ ನಿರಪಾಯವಲ್ಲ. ಅಶ್ವಗಂಧ ತೆಗೆದುಕೊಂಡ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆ ನುಂಗುವವರು ಪುಡಿಯನ್ನೂ ವೈದ್ಯರಿಗೆ ತೋರಿಸಿ.

● ಹಾರ್ಮೋನು ಮಾತ್ರೆಯ ಹೆಸರೆತ್ತಿದರೆ ಜನ ಬೆಚ್ಚುವುದು 2002ರಿಂದ. ಆ ವರ್ಷ ಅಮೆರಿಕದ ದೊಡ್ಡ ಅಧ್ಯಯನದ ಒಂದು ಭಾಗವನ್ನು ಸ್ತನ ಕ್ಯಾನ್ಸರ್ ಭಯದಿಂದ ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63 ಎಂಬುದು ಸುದ್ದಿಯಾಗಲಿಲ್ಲ. 60 ದಾಟದವರಿಗೆ, ಇಲ್ಲವೆ ಮುಟ್ಟು ನಿಂತು ಹತ್ತು ವರ್ಷವಾಗದವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಲಾಭವೇ ಹೆಚ್ಚು ಎಂಬುದು ಈಗಿನ ತಜ್ಞರ ನಿಲುವು. ರಾಗಿ, ನಡಿಗೆ, ನಿದ್ದೆ ಎಲ್ಲ ಮಾಡಿಯೂ ಕಾವು ತಡೆಯಲಾಗದವರು ವೈದ್ಯರ ಬಳಿ ಹೋದರೆ ಅದು ಸೋಲಲ್ಲ.

● ಎಲ್ಲಕ್ಕಿಂತ ಕಳವಳದ ಸಂಗತಿ ಇದು. ‘ಮಕ್ಕಳಾದವಲ್ಲ, ಗರ್ಭಕೋಶ ಇನ್ಯಾಕೆ, ತೆಗೆಸಿಬಿಡು’ ಎಂಬ ಮಾತು. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ, ಎಷ್ಟೋ ಜನ ನಲವತ್ತು ತುಂಬದವರು, ಬಿಳಿಸೆರಗು ಹೊಟ್ಟೆನೋವು ಎಂದು ಹೋಗಿ ಗರ್ಭಕೋಶ ಕಳೆದುಕೊಂಡು ಬಂದದ್ದು ಬಯಲಾಯಿತು. ಅವರು ಬೀದಿಗಿಳಿದು ನ್ಯಾಯ ಕೇಳಿದರು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ಸಂಕಟವೆಲ್ಲ ಮೆಲ್ಲಗೆ ಬರುವ ಬದಲು ಮರುದಿನವೇ ಮೈಮೇಲೆ ಬೀಳುತ್ತದೆ. ಅಂಡಾಶಯ ಉಳಿಸಿದರೂ ಕೆಲವು ವರ್ಷ ಬೇಗ ಬರಬಹುದು. ಯಾರಾದರೂ ತೆಗೆಸು ಎಂದರೆ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳದೆ ಒಪ್ಪಬೇಡಿ.

● ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ (ಐಸೆಕ್) ಸಂಶೋಧಕರು 1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ಬಿಡಿಸಿ ನೋಡಿದಾಗ, ಕಾಲಕ್ಕೆ ಮುಂಚೆ ಮುಟ್ಟು ನಿಲ್ಲುವುದು ಹಳ್ಳಿಯ, ಓದಿಲ್ಲದ, ಕೃಷಿ ಕೂಲಿಯ, ಮೈಯಲ್ಲಿ ಕಸುವಿಲ್ಲದ ಹೆಂಗಸರಲ್ಲಿ ಹೆಚ್ಚು ಎಂದು ಕಂಡಿತು.

● ನಮ್ಮ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯ ಹೊರಗಿರಬೇಕೆಂಬ ಕಟ್ಟಳೆ ಇನ್ನೂ ಪೂರ್ತಿ ಅಳಿದಿಲ್ಲ. ಆ ತಾಯಂದಿರಿಗೆ ಮುಟ್ಟು ನಿಲ್ಲುವುದೆಂದರೆ ಮಳೆ ಚಳಿಯಲ್ಲಿ ಹೊರಗೆ ಮಲಗುವುದು ತಪ್ಪಿತು ಎಂದೂ ಅರ್ಥ. ಆ ಬಿಡುಗಡೆಗೆ ಇಷ್ಟು ವರ್ಷ ಕಾಯಿಸಬಾರದಿತ್ತು.

● ಪ್ರಾಣಿಗಳಲ್ಲಿ ಹೆರುವುದು ನಿಂತ ಮೇಲೂ ಬಹುಕಾಲ ಬದುಕುವವು ಬಹಳ ಕಡಿಮೆ. ಓರ್ಕಾ ಸೇರಿ ಕೆಲವು ತಿಮಿಂಗಿಲಗಳು, ಮತ್ತೆ ಮನುಷ್ಯರು. ಉಗಾಂಡದ ಒಂದು ಚಿಂಪಾಂಜಿ ಗುಂಪಿನಲ್ಲೂ ಇದು ಕಂಡಿದ್ದು 2023ರಲ್ಲಿ ವರದಿಯಾಯಿತು. ಅಜ್ಜಿಯರು ತರುವ ಆಹಾರ ಮತ್ತು ಅರಿವಿನಿಂದ ಮೊಮ್ಮಕ್ಕಳು ಹೆಚ್ಚು ಉಳಿದವು, ಅದಕ್ಕೇ ಪ್ರಕೃತಿ ಅಜ್ಜಿಯರನ್ನು ಉಳಿಸಿಕೊಂಡಿತು ಎಂದು ಕೆಲವು ವಿಜ್ಞಾನಿಗಳು ವಾದಿಸುತ್ತಾರೆ. ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಸಾಕ್ಷಿ ಬೇಕೆಂದರೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು. ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷ ಡಿಸೆಂಬರಿನಲ್ಲಿ 98ರ ವಯಸ್ಸಿನಲ್ಲಿ ತೀರಿಕೊಂಡರು. ಐವತ್ತು ದಾಟಿದ ಮೇಲೂ ಅವರ ಸೇವೆ ನಿಲ್ಲಲಿಲ್ಲ.

● ಮುಟ್ಟು ನಿಲ್ಲುವ ಕಾಲದಲ್ಲಿ ಕಾರಣವಿಲ್ಲದೆ ಅಳು, ಸಿಟ್ಟು, ಬದುಕೇ ಬೇಡ ಎನ್ನಿಸುವುದು ಹೆಚ್ಚು. ಗಂಡನಿಗೂ ಸೊಸೆಗೂ ಇದು ಗೊತ್ತಿರಬೇಕು. ‘ಟೆಲಿ ಮನಸ್’ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

● ಮುಟ್ಟು ಏರುಪೇರಾದ ಮಾತ್ರಕ್ಕೆ ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳಬೇಡಿ. ಐವತ್ತರ ಒಳಗೆ ನಿಂತರೆ ಕೊನೆಯ ಮುಟ್ಟಿನಿಂದ ಎರಡು ವರ್ಷ, ಐವತ್ತರ ಮೇಲಾದರೆ ಒಂದು ವರ್ಷ ಎಚ್ಚರ ಬೇಕು.

● ಪೂರ್ತಿ ಒಂದು ವರ್ಷ ನಿಂತ ಮೇಲೆ ಮತ್ತೆ ರಕ್ತ ಕಂಡರೆ ‘ಮುಟ್ಟು ತಿರುಗಿ ಬಂತು’ ಎನ್ನಬೇಡಿ, ಒಂದು ಹನಿಯಾದರೂ ಸರಿ. ಹೀಗೆ ಕಾಣಿಸಿಕೊಂಡವರಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ಒಬ್ಬರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಮೊದಲೇ ಗೊತ್ತಾದರೆ ವಾಸಿಯಾಗುವ ಕ್ಯಾನ್ಸರ್ ಅದು. ಕೊಬ್ಬರಿ ಕೆಲಸ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಮುಂದೂಡದೆ ಅದೇ ವಾರ ಆಸ್ಪತ್ರೆಗೆ ಹೋಗಿ.