ಡಿಸ್ಕ್ ಜಾರಿದೆ ಅಂದ ಮಾತ್ರಕ್ಕೆ ಆಪರೇಷನ್ ಬೇಕಿಲ್ಲ

ಸೊಂಟ ಹಿಡಿದುಕೊಂಡಿತು ಅಂದರೆ ನಮ್ಮಲ್ಲಿ ಸಲಹೆಗೆ ಬರವಿಲ್ಲ. ಅಲುಗಾಡದೆ ಮಲಗು, ಬೆಲ್ಟ್ ಕಟ್ಟಿಕೋ, ಮೊದಲು ಎಂಆರ್‌ಐ ಮಾಡಿಸು ಎಂದು ಮನೆಯವರು, ನೆರೆಯವರು ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತುಗಳಲ್ಲಿ ಕೆಲವು ನೋವಿಗಿಂತ ಹೆಚ್ಚು ಕಾಡುವ ಭಯವನ್ನು ಬಿತ್ತುತ್ತವೆ.

ತಪ್ಪು ಕಲ್ಪನೆ: ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿದ್ದರೆ ನೋವಿಗೆ ಅದೇ ಕಾರಣ, ಆಪರೇಷನ್ನೇ ಗತಿ.

ಸತ್ಯ: ಬೆನ್ನುಮೂಳೆಗಳ ನಡುವಿನ ಡಿಸ್ಕ್ ವಯಸ್ಸಾದಂತೆ ನೀರಿನಂಶ ಕಳೆದುಕೊಂಡು ತೆಳುವಾಗುತ್ತದೆ, ಅದರ ಅಂಚು ಉಬ್ಬುತ್ತದೆ. ಕೂದಲು ನರೆಯುವಂತೆಯೇ ಇದೂ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟಿಗೆ ಪರಿಶೀಲಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 20ರ ಹರೆಯದಲ್ಲೇ ಶೇ 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುತ್ತದೆ, 80ರಲ್ಲಿ ಶೇ 84ರಷ್ಟು ಮಂದಿಗೆ. ಹಾಗಾಗಿ ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದಿದ್ದರೆ ಅದನ್ನು ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡದೆ ತೀರ್ಮಾನಕ್ಕೆ ಬರುವುದು ತಪ್ಪು.

ಡಿಸ್ಕಿನ ಒಳತಿರುಳು ನಿಜವಾಗಿಯೂ ಹೊರಬಂದು ನರವನ್ನು ಒತ್ತಿ, ನೋವು ಕಾಲಿಗೆ ಇಳಿದಾಗಲೂ ಕಾಯಲು ಅವಕಾಶವಿರುತ್ತದೆ. ಹೊರಬಂದ ತುಂಡನ್ನು ದೇಹವೇ ಎಷ್ಟೋ ಸಲ ನಿಧಾನವಾಗಿ ಕರಗಿಸಿಬಿಡುತ್ತದೆ. ಪೂರ್ತಿ ಹೊರಚಾಚಿದ ತುಂಡು ಬೇಗ ಕುಗ್ಗುವುದೇ ಹೆಚ್ಚು. ನೆದರ್‌ಲೆಂಡ್ಸ್‌ನಲ್ಲಿ ತೀವ್ರ ಸಯಾಟಿಕಾ, ಅಂದರೆ ಹೀಗೆ ಕಾಲಿಗೆ ಇಳಿಯುವ ನರದ ನೋವು, ಇದ್ದ 283 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದಕ್ಕೆ ಬೇರೆ ಚಿಕಿತ್ಸೆ ಕೊಡುತ್ತಾ ಕಾದರು. 2007ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಆಪರೇಷನ್ ಆದವರ ನೋವು ಬೇಗ ಇಳಿಯಿತು, ಅದು ನಿಜ. ಕಾದವರಲ್ಲೂ ಶೇ 39 ಮಂದಿಗೆ ವರ್ಷದೊಳಗೆ ಆಪರೇಷನ್ ಆಯಿತು. ಉಳಿದವರಿಗೆ ಆ ಅವಧಿಯಲ್ಲಿ ಅದು ಬೇಕಾಗಲೇ ಇಲ್ಲ. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪುಗಳಲ್ಲಿ ಶೇ 95ರಷ್ಟು ಜನ ಚೇತರಿಸಿಕೊಂಡಿದ್ದರು.

ತಪ್ಪು ಕಲ್ಪನೆ: ನೋವು ಹೋಗುವವರೆಗೆ ಮಲಗಿಯೇ ಇರಬೇಕು.

ಸತ್ಯ: ಹೆಲ್ಸಿಂಕಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಎರಡು ದಿನ ಮಲಗಿದವರಿಗಿಂತ, ನೋವು ತಾಳಿಕೊಳ್ಳುವಷ್ಟರ ಮಟ್ಟಿಗೆ ದಿನದ ಕೆಲಸ ಮಾಡಿಕೊಂಡಿದ್ದವರೇ ಬೇಗ ಗುಣವಾದರು. ಮಲಗಿದಷ್ಟೂ ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಬಗ್ಗಿದರೆ ಏನಾದೀತೋ ಎಂಬ ಅಂಜಿಕೆಯೂ ಬೇರೂರುತ್ತದೆ. ಎಲ್ಲರಿಗೂ ಒಂದೇ ವ್ಯಾಯಾಮ ಎಂಬುದಿಲ್ಲ. ನಡಿಗೆ, ಯೋಗ, ಫಿಸಿಯೋಥೆರಪಿಸ್ಟ್ ಕಲಿಸುವ ಕಸರತ್ತು, ಇವುಗಳಲ್ಲಿ ಯಾವುದನ್ನು ಬಿಡದೆ ಮಾಡಬಲ್ಲಿರೋ ಅದೇ ನಿಮಗೆ ಒಳ್ಳೆಯದು. 2024ರ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಗುಣವಾದ ಮೇಲೆ ಕ್ರಮವಾಗಿ ನಡೆಯಲು ಕಲಿತವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿಯಿತು. ಉಳಿದವರಿಗೆ 112 ದಿನ.

ಮಲಗುವ ಮಾತು ಬಂದಾಗ ಹಾಸಿಗೆಯ ವಿಚಾರವೂ ಬರುತ್ತದೆ: ಅದು ಗಟ್ಟಿಯಾದಷ್ಟೂ ಒಳ್ಳೆಯದು ಎಂಬುದೂ ಸರಿಯಲ್ಲ, ಮಧ್ಯಮ ಗಟ್ಟಿಯದೇ ಮೇಲು.

ತಪ್ಪು ಕಲ್ಪನೆ: ಬೆಲ್ಟ್, ಟ್ರಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವುದು), ಕರೆಂಟ್ ಕೊಡಿಸುವುದು, ಇವೇ ಆಪರೇಷನ್ ಇಲ್ಲದ ಚಿಕಿತ್ಸೆ.

ಸತ್ಯ: ದೀರ್ಘಕಾಲದ ಸೊಂಟನೋವಿಗೆ ಇವುಗಳನ್ನು ವಾಡಿಕೆಯಾಗಿ ಬಳಸಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ. ಅದು ಸೂಚಿಸುವುದು ತಿಳಿವಳಿಕೆ, ವ್ಯಾಯಾಮ, ಮಸಾಜಿನಂಥ ಕೆಲವು ಕೈಚಿಕಿತ್ಸೆ, ಭಯ ಮತ್ತು ಚಿಂತೆಯನ್ನು ಹಗುರಾಗಿಸುವ ಮನೋಚಿಕಿತ್ಸೆ, ಬೇಕಾದಾಗ ಉರಿಯೂತ ತಗ್ಗಿಸುವ ಮಾತ್ರೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಇಂಥ ಮಾತ್ರೆಗಳನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಕಾಯಬಾರದ ಸಂದರ್ಭಗಳಿವೆ. ಮೂತ್ರ ಕಟ್ಟಿಕೊಂಡರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಇಂಥ ಸಂದರ್ಭದಲ್ಲಿ ಆಪರೇಷನ್ ತಡವಾದರೆ ನರ ಶಾಶ್ವತವಾಗಿ ಹಾಳಾದೀತು. ಬೆನ್ನುನೋವಿನ ಜತೆ ಜ್ವರ, ತೂಕ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವೂ ಇರಬಹುದು. ಅದನ್ನು ಬೇಗ ಪತ್ತೆಹಚ್ಚಿದರೆ ಹೆಚ್ಚಿನವರಿಗೆ ಮಾತ್ರೆಗಳಿಂದಲೇ ಗುಣವಾಗುತ್ತದೆ.